ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ: ಬಡ್ಡಿಯಿಲ್ಲದ ಸಾಲದಲ್ಲಿ ಎದ್ದ ಮನೆಗಳು

ಬಡ ಕುಟುಂಬಗಳಿಗೆ ಸ್ವಂತ ಮನೆ ಒದಗಿಸಲೆಂದು 1976ರಲ್ಲಿ ಹುಟ್ಟಿದ ಕ್ರೈಸ್ತ ಸೇವಾ ಸಂಸ್ಥೆ. ಹುಟ್ಟೂರು ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಪಟ್ಟಣ. ಸ್ಥಾಪಕರು ಮಿಲ್ಲರ್ಡ್ ಫುಲ್ಲರ್ (1935–2009) ಮತ್ತು ಅವರ ಪತ್ನಿ ಲಿಂಡಾ ಫುಲ್ಲರ್. ಈ ಸಂಸ್ಥೆ ಮನೆಗಳನ್ನು ಪುಕ್ಕಟೆ ಹಂಚುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಇಲ್ಲಿ ಮನೆಯನ್ನು ಮಾರಲಾಗುತ್ತದೆ. ಕೊಳ್ಳುವ ಕುಟುಂಬ ತನ್ನ ಮೈಬೆವರು ಹರಿಸಿ ಕಟ್ಟಡದ ಕೆಲಸದಲ್ಲಿ ಪಾಲ್ಗೊಳ್ಳಬೇಕು, ಆಮೇಲೆ ವರ್ಷಗಟ್ಟಲೆ ಕಂತು ಕಟ್ಟಬೇಕು. ಮೂಲ ಯೋಜನೆಯಲ್ಲಿ ಮಾರುವವನಿಗೆ ಲಾಭವಿರಲಿಲ್ಲ, ಸಾಲಕ್ಕೆ ಬಡ್ಡಿಯಿರಲಿಲ್ಲ. ಈ ಎರಡು ‘ಇಲ್ಲ’ಗಳಿಂದಲೇ ಉಳಿದ ದಾನಸಂಸ್ಥೆಗಳಿಗಿಂತ ಇದು ಬೇರೆಯಾಗಿ ನಿಂತಿತು.

ಹಿನ್ನೆಲೆ: ಕೊಯ್ನೋನಿಯಾ ತೋಟ

ಸಂಸ್ಥೆಯ ಬೇರು ಇರುವುದು ಅಮೆರಿಕಸ್ ಪಟ್ಟಣದ ಹೊರವಲಯದ ಒಂದು ಹೊಲದಲ್ಲಿ. 1942ರಲ್ಲಿ ಕ್ಲಾರೆನ್ಸ್ ಜೋರ್ಡನ್, ಅವರ ಪತ್ನಿ ಫ್ಲಾರೆನ್ಸ್, ಮಾರ್ಟಿನ್ ಇಂಗ್ಲೆಂಡ್ ಮತ್ತು ಅವರ ಪತ್ನಿ ಮೇಬಲ್ ಸೇರಿ 440 ಎಕರೆ ಸವಕಲು ಭೂಮಿ ಕೊಂಡು ‘ಕೊಯ್ನೋನಿಯಾ’ ಎಂಬ ಸಾಮುದಾಯಿಕ ಕೃಷಿಕ್ಷೇತ್ರ ಆರಂಭಿಸಿದರು. ಜೋರ್ಡನ್ ಕೃಷಿ ಪದವೀಧರ. ಜೊತೆಗೆ ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಡಾಕ್ಟರೇಟ್ ಪಡೆದ ಬ್ಯಾಪ್ಟಿಸ್ಟ್ ಪಂಡಿತ. ಆದಿ ಕ್ರೈಸ್ತರು ಆಸ್ತಿಯನ್ನು ಹಂಚಿಕೊಂಡು ಬಾಳಿದರು ಎಂದು ಗ್ರಂಥ ಹೇಳುವುದಾದರೆ ನಾವೂ ಹಾಗೆಯೇ ಬಾಳಬೇಕು ಎಂಬುದು ಅವರ ನೇರ ತರ್ಕ. ಕಪ್ಪು ಜನ, ಬಿಳಿ ಜನ ಒಂದೇ ಮೇಜಿಗೆ ಕುಳಿತು ಉಣ್ಣುತ್ತಿದ್ದರು, ಒಂದೇ ಕೂಲಿ ಪಡೆಯುತ್ತಿದ್ದರು. ವರ್ಣಭೇದವೇ ಕಾನೂನಾಗಿದ್ದ, ಅಮೆರಿಕದ ದಕ್ಷಿಣ ಭಾಗದ ರಾಜ್ಯವೊಂದರಲ್ಲಿ ಇದು ಬಹಿರಂಗ ಬಂಡಾಯವೇ ಆಗಿತ್ತು.

ಸುತ್ತಲಿನವರು ಸಹಿಸಲಿಲ್ಲ. 1950ರಲ್ಲಿ ಸ್ಥಳೀಯ ಬ್ಯಾಪ್ಟಿಸ್ಟ್ ಸಭೆ ಕೊಯ್ನೋನಿಯಾದವರನ್ನು ಹೊರಹಾಕಿತು. ಐವತ್ತರ ದಶಕದ ಮಧ್ಯದಿಂದ ಊರಿನ ವರ್ತಕರು ಅವರಿಗೆ ಬೀಜ, ಗೊಬ್ಬರ, ಇಂಧನ ಮಾರಲು ನಿರಾಕರಿಸಿದರು, ವಿಮೆ ರದ್ದಾಯಿತು. ರಸ್ತೆ ಬದಿಯ ಅವರ ಅಂಗಡಿಗೆ ಬಾಂಬು ಬಿತ್ತು, ರಾತ್ರಿ ಕಾರುಗಳಿಂದ ಮನೆಗಳತ್ತ ಗುಂಡು ಹಾರಿತು. 1957ರಲ್ಲಿ ಬೆಂಬಲ ಸೂಚಿಸಲು ಬಂದ ಕ್ಯಾಥೊಲಿಕ್ ಕಾರ್ಯಕರ್ತೆ ಡೊರೊತಿ ಡೇ ರಾತ್ರಿ ಕಾವಲಿಗೆ ಕುಳಿತಿದ್ದಾಗಲೂ ಗುಂಡು ಹಾರಿತ್ತು. ಊರಿನಲ್ಲಿ ಮಾರಾಟ ನಿಂತಾಗ ಅವರು ತಾವು ಬೆಳೆದ ಪೆಕಾನ್ ಬೀಜಗಳನ್ನು ಅಂಚೆಯ ಮೂಲಕ ದೇಶಕ್ಕೆಲ್ಲ ಮಾರಿ ಬದುಕಿದರು. ಆದರೂ ಅರವತ್ತರ ದಶಕದ ಕೊನೆಗೆ ತೋಟದಲ್ಲಿ ಉಳಿದದ್ದು ಬೆರಳೆಣಿಕೆಯ ಕುಟುಂಬಗಳು ಮಾತ್ರ.

ಹ್ಯಾಬಿಟ್ಯಾಟ್ ಬಗೆಗಿನ ಪ್ರಚಾರ ಬರಹಗಳಲ್ಲಿ ಈ ಅಧ್ಯಾಯ ಎರಡು ಸಾಲಿನಲ್ಲಿ ಮುಗಿಯುವುದುಂಟು. ಹಾಗೆ ಮಾಡಿದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆ ಕಟ್ಟುವ ಆಲೋಚನೆ ಬಂದದ್ದು ಉಳ್ಳವರ ಕರುಣೆಯಿಂದಲ್ಲ. ನೆರೆಯ ಕಪ್ಪು ಕೂಲಿಗಳ ಜೊತೆ ಇಪ್ಪತ್ತೈದು ವರ್ಷ ಏಟು ತಿಂದವರ ಅನುಭವದಿಂದ.

ಫುಲ್ಲರ್ ದಂಪತಿ

ಮಿಲ್ಲರ್ಡ್ ಫುಲ್ಲರ್ ಹುಟ್ಟಿದ್ದು ಅಲಬಾಮಾ ರಾಜ್ಯದ ಲನೆಟ್ ಪಟ್ಟಣದಲ್ಲಿ. ಕಾನೂನು ಓದುತ್ತಿದ್ದಾಗಲೇ ಸಹಪಾಠಿ ಮೋರಿಸ್ ಡೀಸ್ ಜೊತೆ ವ್ಯಾಪಾರ ಶುರುಮಾಡಿದರು. ವಿದ್ಯಾರ್ಥಿಗಳಿಗೆ ಹುಟ್ಟುಹಬ್ಬದ ಕೇಕು ತಲುಪಿಸುವುದರಿಂದ ಹಿಡಿದು ಟ್ರ್ಯಾಕ್ಟರ್ ಸೀಟಿನ ಮೆತ್ತೆ, ಅಡುಗೆ ಪುಸ್ತಕಗಳವರೆಗೆ ಕೈಹಾಕಿದ್ದೆಲ್ಲ ಹಣವಾಯಿತು. ಮೂವತ್ತು ತುಂಬುವ ಮೊದಲೇ ಫುಲ್ಲರ್ ಲಕ್ಷಾಧೀಶರಾದರು. (ಇದೇ ಡೀಸ್ ಮುಂದೆ ಜನಾಂಗದ್ವೇಷದ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುವ ‘ಸದರ್ನ್ ಪಾವರ್ಟಿ ಲಾ ಸೆಂಟರ್’ ಸ್ಥಾಪಕರಲ್ಲಿ ಒಬ್ಬರಾದರು.) ದುಡಿಮೆಯ ಭರದಲ್ಲಿ ಸಂಸಾರ ಹದಗೆಟ್ಟಿತು. 1965ರಲ್ಲಿ ಲಿಂಡಾ ಮನೆ ಬಿಟ್ಟು ನ್ಯೂಯಾರ್ಕಿಗೆ ಹೋದರು. ಫುಲ್ಲರ್ ಹಿಂದೆಯೇ ಹೋಗಿ ಮಾತಾಡಿದರು. ಇಬ್ಬರೂ ತೀರ್ಮಾನಿಸಿದ್ದು ಅಸಾಧಾರಣವಾದ ಸಂಗತಿ: ಆಸ್ತಿಯನ್ನೆಲ್ಲ ಮಾರಿ, ಬಂದ ಹಣವನ್ನು ಬಡವರಿಗೆ ಕೊಟ್ಟು, ಹೊಸದಾಗಿ ಬದುಕು ಹೂಡುವುದು.

ಅದೇ ವರ್ಷದ ಕೊನೆಗೆ ಗೆಳೆಯರನ್ನು ನೋಡಲು ಕೊಯ್ನೋನಿಯಾಕ್ಕೆ ಹೋದ ಕುಟುಂಬ ಒಂದೆರಡು ಗಂಟೆ ಇದ್ದು ಹೊರಡುವ ಉದ್ದೇಶದಲ್ಲಿತ್ತು. ಜೋರ್ಡನ್ ಜೊತೆ ಮಾತಿಗೆ ಕುಳಿತು ಸುಮಾರು ಒಂದು ತಿಂಗಳು ಅಲ್ಲೇ ಉಳಿಯಿತು. 1968ರಲ್ಲಿ ಫುಲ್ಲರ್ ಅಲ್ಲಿಗೆ ಮರಳಿದಾಗ ‘ಸಹಭಾಗಿತ್ವದ ವಸತಿ’ ಎಂಬ ಯೋಜನೆ ರೂಪುಗೊಂಡಿತು. ಬಡವನಿಗೆ ಬೇಕಾದದ್ದು ಭಿಕ್ಷೆಯಲ್ಲ, ಬಂಡವಾಳ ಎಂಬುದು ಜೋರ್ಡನ್ ನಿಲುವು. ಸುತ್ತಲಿನ ಪಾಲುಗೇಣಿಯ ಕಪ್ಪು ಕುಟುಂಬಗಳು ನಲ್ಲಿ, ಶೌಚಾಲಯಗಳಿಲ್ಲದ ಹರಕು ಹಲಗೆಯ ಗುಡಿಸಲುಗಳಲ್ಲಿದ್ದವು. ಇಂಥವರಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಆದ್ದರಿಂದ ತೋಟದ ಒಂದು ಭಾಗದಲ್ಲಿ ನಿವೇಶನಗಳನ್ನು ಗುರುತಿಸಿ, ‘ಮಾನವತೆಯ ನಿಧಿ’ ಎಂಬ ಹೆಸರಿನಲ್ಲಿ ದೇಣಿಗೆ, ಬಡ್ಡಿಯಿಲ್ಲದ ಕೈಗಡ, ತೋಟದ ಆದಾಯ ಮೂರನ್ನೂ ಕೂಡಿಸಿದರು. ಮನೆ ಕೊಂಡವರು ಕಟ್ಟುವ ಕಂತು ಅದೇ ನಿಧಿಗೆ ಬಂದು ಮುಂದಿನ ಮನೆಗೆ ಹೋಗಬೇಕು.

ಮೊದಲ ಮನೆಗೆ ತಗುಲಿದ ವೆಚ್ಚ ಸುಮಾರು 6,000 ಡಾಲರ್, ಕಂತು ತಿಂಗಳಿಗೆ 25 ಡಾಲರ್, ಅವಧಿ 20 ವರ್ಷ. ಗುಣಿಸಿ ನೋಡಿದರೆ ಸರಿಯಾಗಿ ಅಸಲಷ್ಟೇ. ಇದೇ ಸಾಲಕ್ಕೆ ಶೇ. 7ರ ಬಡ್ಡಿ ಸೇರಿದ್ದರೆ ಕಂತು ಸುಮಾರು 46 ಡಾಲರಿಗೆ ಏರುತ್ತಿತ್ತು, ಕೊಟ್ಟ ಒಟ್ಟು ಮೊತ್ತ 11,000 ಡಾಲರ್ ದಾಟುತ್ತಿತ್ತು. ಕೂಲಿಯಲ್ಲಿ ಬದುಕುವ ಕುಟುಂಬಕ್ಕೆ ಸ್ವಂತ ಮನೆ ಸಾಧ್ಯವೋ ಅಸಾಧ್ಯವೋ ಎಂಬುದು ಈ 21 ಡಾಲರ್ ವ್ಯತ್ಯಾಸದಲ್ಲಿತ್ತು. ಆ ಮನೆ ಪೂರ್ತಿಯಾಗುವುದನ್ನು ಜೋರ್ಡನ್ ನೋಡಲಿಲ್ಲ. 1969ರ ಅಕ್ಟೋಬರ್ 29ರಂದು ತೀರಿಕೊಂಡರು.

ಝೈರ್ ಪ್ರಯೋಗ

ಜಾರ್ಜಿಯಾದ ಒಂದು ಹೊಲದಲ್ಲಿ ನಡೆದದ್ದು ಬೇರೆಡೆ ನಡೆದೀತೇ? ಉತ್ತರ ಹುಡುಕಿಕೊಂಡು ಫುಲ್ಲರ್ ಕುಟುಂಬ 1973ರಲ್ಲಿ ‘ಡಿಸೈಪಲ್ಸ್ ಆಫ್ ಕ್ರೈಸ್ಟ್’ ಎಂಬ ಪ್ರೊಟೆಸ್ಟೆಂಟ್ ಪಂಥದ ಆಶ್ರಯದಲ್ಲಿ ಆಗಿನ ಝೈರ್, ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ ಹೋಯಿತು. ಭೂಮಧ್ಯರೇಖೆಯ ಹತ್ತಿರ, ಕಾಂಗೊ ನದಿಯ ದಡದಲ್ಲಿರುವ ಎಂಬಂಡಾಕಾ ನಗರ ಅವರ ಕಾರ್ಯಕ್ಷೇತ್ರ. ಬೆಲ್ಜಿಯನ್ನರ ಆಳ್ವಿಕೆಯಲ್ಲಿ ಯುರೋಪಿಯನ್ನರ ಬಡಾವಣೆಗೂ ಆಫ್ರಿಕನ್ನರ ಕೇರಿಗೂ ನಡುವೆ ಬೇಕೆಂದೇ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಿಮೆಂಟು ಇಟ್ಟಿಗೆಯ ಮನೆಗಳು ಎದ್ದವು. ಸಿಮೆಂಟು ಹೊತ್ತ ದೋಣಿ ತಡವಾಗುವುದು, ಅಧಿಕಾರಿಗಳ ಮರ್ಜಿ ಕಾಯುವುದು, ಹಣದ ಮೌಲ್ಯ ಕುಸಿಯುವುದು ಇವೆಲ್ಲದರ ನಡುವೆ ಮೂರು ವರ್ಷಗಳಲ್ಲಿ ಯೋಜನೆ ಕಾಲೂರಿತು.

1976ರಲ್ಲಿ ಅಮೆರಿಕಕ್ಕೆ ಮರಳಿದ ಫುಲ್ಲರ್ ಸೆಪ್ಟೆಂಬರಿನಲ್ಲಿ ಸಮಾನಮನಸ್ಕರನ್ನು ಕೊಯ್ನೋನಿಯಾದಲ್ಲಿ ಕೂಡಿಸಿದರು. ಅಲ್ಲಿ ಹ್ಯಾಬಿಟ್ಯಾಟ್ ಸಂಸ್ಥೆ ಹುಟ್ಟಿತು. ಹೊಲದಾಚೆಗೆ ಅಮೆರಿಕದಲ್ಲಿ ಅದರ ಮೊದಲ ಶಾಖೆ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ ತೆರೆಯಿತು.

ಕೆಲಸದ ಕ್ರಮ

ಪ್ರತಿ ಊರಿನ ಶಾಖೆಯೂ ತನ್ನದೇ ಆಡಳಿತ ಮಂಡಳಿಯಿರುವ ಸ್ವತಂತ್ರ ಸಂಸ್ಥೆ. ಜಾಗ ಹುಡುಕುವುದು, ಹಣ ಎತ್ತುವುದು, ಕುಟುಂಬ ಆರಿಸುವುದು ಎಲ್ಲವೂ ಅಲ್ಲಿನವರದೇ ಹೊಣೆ. ಆಯ್ಕೆಗೆ ನೋಡುವುದು ಮೂರನ್ನು: ಈಗಿರುವ ಮನೆ ನಿಜಕ್ಕೂ ವಾಸಕ್ಕೆ ಯೋಗ್ಯವಲ್ಲವೇ, ಕಂತು ಕಟ್ಟುವಷ್ಟು ಆದಾಯವಿದೆಯೇ, ಕೈಜೋಡಿಸಿ ದುಡಿಯುವ ಮನಸ್ಸಿದೆಯೇ. ಎರಡನೆಯ ಪ್ರಶ್ನೆ ಮುಖ್ಯವಾದದ್ದು. ಏನೂ ಇಲ್ಲದ ಕಡುಬಡವ ಈ ಜರಡಿಯಲ್ಲಿ ಹೊರಗುಳಿಯುತ್ತಾನೆ. ಇದು ಯೋಜನೆಯ ಮಿತಿ, ಸಂಸ್ಥೆ ಅದನ್ನು ಮುಚ್ಚಿಡುವುದೂ ಇಲ್ಲ.

ಆಯ್ಕೆಯಾದ ಕುಟುಂಬದ ವಯಸ್ಕರು ಸಾಮಾನ್ಯವಾಗಿ ಕೆಲವು ನೂರು ಗಂಟೆಗಳ ದುಡಿಮೆಯನ್ನು ಸಲ್ಲಿಸಬೇಕು. ಇದನ್ನು ‘ಬೆವರಿನ ಪಾಲು’ ಎನ್ನಬಹುದು. ಮುಂಗಡ ಹಣದ ಬದಲಿಗೆ ಮೈದುಡಿಮೆ. ತಮ್ಮ ಮನೆಯದಷ್ಟೇ ಅಲ್ಲ, ನೆರೆಯವರ ಮನೆಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಗೋಡೆ ಎತ್ತಲಾರದ ಮುದುಕರು, ಅಂಗವಿಕಲರು ಕಚೇರಿ ಕೆಲಸ, ಊಟದ ವ್ಯವಸ್ಥೆ ಮಾಡಿಯೂ ಪಾಲು ತುಂಬಿಸಬಹುದು. ಅಮೆರಿಕದ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಆದ್ದರಿಂದ ಕಸುಬು ತಿಳಿಯದವರೂ ಒಬ್ಬ ಮೇಸ್ತ್ರಿಯ ಕಣ್ಗಾವಲಿನಲ್ಲಿ ಮೊಳೆ ಹೊಡೆದು ಗೋಡೆ ನಿಲ್ಲಿಸಲು ಸಾಧ್ಯ. ವಾರಾಂತ್ಯದ ಸ್ವಯಂಸೇವಕರ ಪಡೆ ಅಲ್ಲಿ ಬೆಳೆದದ್ದಕ್ಕೆ ಭಕ್ತಿಯಷ್ಟೇ ಕಾರಣ ಈ ಕಟ್ಟಡ ಪದ್ಧತಿ. ಇಟ್ಟಿಗೆ, ಗಾರೆ, ಕಾಂಕ್ರೀಟಿನ ನಾಡುಗಳಲ್ಲಿ ಪರಿಣತ ಗಾರೆಯವರ ಕೂಲಿ ಕೊಡದೆ ಗತಿಯಿಲ್ಲ.

ಬಡ್ಡಿ ನಿಷೇಧಕ್ಕೆ ಆಧಾರ ಬೈಬಲಿನ ವಿಮೋಚನಕಾಂಡ. ಬಡವನಿಗೆ ಕೊಟ್ಟ ಸಾಲದ ಮೇಲೆ ಬಡ್ಡಿ ಹೇರಬಾರದೆಂಬ ಆಜ್ಞೆಯನ್ನು (22:25) ಫುಲ್ಲರ್ ಅಕ್ಷರಶಃ ತೆಗೆದುಕೊಂಡು ‘ಯೇಸುವಿನ ಅರ್ಥಶಾಸ್ತ್ರ’ ಎಂದು ಕರೆದರು. ಹಣದುಬ್ಬರ ಹೆಚ್ಚಿರುವ ದೇಶಗಳಲ್ಲಿ ಇದೇ ನಿಯಮ ತೊಡಕಾಯಿತು. ಇಪ್ಪತ್ತು ವರ್ಷದ ನಂತರ ಬರುವ ಕಂತಿನಿಂದ ಒಂದು ಕಿಟಕಿಯೂ ಸಿಗದಿದ್ದರೆ ನಿಧಿ ಬರಿದಾಗುತ್ತದೆ. ಆಫ್ರಿಕಾದ ಕೆಲವೆಡೆ ಕಂತನ್ನು ಸಿಮೆಂಟು ಮೂಟೆಯ ಬೆಲೆಗೆ ಜೋಡಿಸಿ ದಾರಿ ಕಂಡುಕೊಂಡರು. ತಿಂಗಳಿಗೆ ಇಷ್ಟು ಮೂಟೆಯ ಬೆಲೆ ಕಟ್ಟಿದರಾಯಿತು. ಅಸಲಿನ ಮೌಲ್ಯ ಉಳಿಯಿತು, ಗ್ರಂಥದ ಮಾತೂ ಉಳಿಯಿತು. ಚೆಲುವಾದ ಜಾಣತನ.

ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕೊಟ್ಟ ಮನೆಯನ್ನು ಮರುವರ್ಷವೇ ಮಾರಿ ಲಾಭ ಹೊಡೆಯದಂತೆ ಅಮೆರಿಕದ ಶಾಖೆಗಳು ಎರಡನೆಯ ಅಡಮಾನ ಪತ್ರವೊಂದನ್ನು ಬರೆಸಿಕೊಳ್ಳುತ್ತವೆ. ಮಾರುಕಟ್ಟೆ ದರಕ್ಕೂ ಕೊಟ್ಟ ದರಕ್ಕೂ ಇರುವ ಅಂತರ ಅದರಲ್ಲಿ ನಮೂದಾಗಿರುತ್ತದೆ. ಕುಟುಂಬ ಅಲ್ಲೇ ವಾಸವಿದ್ದರೆ ಅದಕ್ಕೆ ಕಂತು ಕಟ್ಟಬೇಕಿಲ್ಲ. ಇನ್ನು ಪ್ರತಿ ಶಾಖೆಯೂ ತನಗೆ ಬಂದ ನಿರ್ಬಂಧವಿಲ್ಲದ ದೇಣಿಗೆಯಲ್ಲಿ ಹತ್ತನೇ ಒಂದು ಪಾಲನ್ನು ಬೇರೆ ದೇಶದ ಮನೆಗಳಿಗೆ ಕಳಿಸುವ ರೂಢಿಯಿದೆ. ಸಭೆಗೆ ದಶಮಾಂಶ ಕೊಡುವ ಕ್ರೈಸ್ತ ಸಂಪ್ರದಾಯದ ಮುಂದುವರಿಕೆ ಇದು. ಸರ್ಕಾರದ ಹಣದ ವಿಷಯದಲ್ಲಿ ಫುಲ್ಲರ್ ಗೆರೆ ಎಳೆದಿದ್ದರು: ನಿವೇಶನ, ರಸ್ತೆ, ಚರಂಡಿಗೆ ತೆಗೆದುಕೊಳ್ಳಬಹುದು, ಗೋಡೆಗೆ ಕೂಡದು.

ದಾನದ ಹಳೆಯ ಮಾದರಿಗಳ ಪಕ್ಕದಲ್ಲಿ

ಬಡವರಿಗೆ ಮನೆ ಕಟ್ಟಿಸುವ ಕ್ರೈಸ್ತ ಪರಂಪರೆ ಹ್ಯಾಬಿಟ್ಯಾಟಿಗಿಂತ ಬಹಳ ಹಳೆಯದು. ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಯಾಕೋಬ್ ಫುಗ್ಗರ್ ಎಂಬ ಮಹಾಶ್ರೀಮಂತ ಬ್ಯಾಂಕರ್ 1521ರಲ್ಲಿ ಸ್ಥಾಪಿಸಿದ ಫುಗ್ಗರೈ ಎಂಬ ಕೇರಿಯಲ್ಲಿ ಇಂದಿಗೂ ಬಡ ಕ್ಯಾಥೊಲಿಕರು ವಾಸವಾಗಿದ್ದಾರೆ. ವರ್ಷದ ಮೂಲ ಬಾಡಿಗೆ ಒಂದು ರೈನ್ ಗಿಲ್ಡರ್, ಈಗಿನ ಲೆಕ್ಕದಲ್ಲಿ 88 ಯೂರೊ ಸೆಂಟ್. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆಗಳನ್ನು ದಾನಿಯ ವಂಶಕ್ಕಾಗಿ ಹೇಳಬೇಕು. ಮನೆ ಮಾತ್ರ ಎಂದೂ ಅವರದಾಗುವುದಿಲ್ಲ. ಫುಗ್ಗರ್ ಕೇಳಿದ್ದು ಪ್ರಾರ್ಥನೆ, ಫುಲ್ಲರ್ ಕೇಳಿದ್ದು ದುಡಿಮೆ ಮತ್ತು ಕಂತು. ಬದಲಿಗೆ ಫುಲ್ಲರ್ ಕೊಟ್ಟದ್ದು ಒಡೆತನದ ಪತ್ರ. ಮಡಗಾಸ್ಕರಿನ ರಾಜಧಾನಿ ಅಂಟನನರಿವೊದ ಕಸದ ಗುಡ್ಡದಲ್ಲಿ ಬದುಕುತ್ತಿದ್ದವರ ನಡುವೆ ಅರ್ಜೆಂಟೀನಾ ಮೂಲದ ಕ್ಯಾಥೊಲಿಕ್ ಪಾದ್ರಿ ಪೆದ್ರೊ ಒಪೆಕಾ 1989ರಲ್ಲಿ ಆರಂಭಿಸಿದ ‘ಅಕಮಸೋವ’ ಇನ್ನೊಂದು ದಾರಿ ಹಿಡಿಯಿತು. ಗಾರೆ ಕೆಲಸ ಬಲ್ಲ ಆ ಪಾದ್ರಿ ನಿವಾಸಿಗಳಿಗೆ ಕಲ್ಲು ಒಡೆಯುವ, ಇಟ್ಟಿಗೆ ಹಾಕುವ ಉದ್ಯೋಗವನ್ನೇ ಮೊದಲು ಕೊಟ್ಟರು.

ಕನ್ನಡ ನಾಡಿನ ಓದುಗರಿಗೆ ಪರಿಚಯವಿರುವ ಜನತಾ ಮನೆ, ಆಶ್ರಯ ಮನೆಗಳು ಮುಖ್ಯವಾಗಿ ಸರ್ಕಾರದ ಸಹಾಯಧನದಿಂದ ಎದ್ದವು, ಮನೆ ಪಡೆದವರನ್ನು ಕಡತಗಳು ‘ಫಲಾನುಭವಿ’ ಎಂದು ಕರೆದವು. ಹ್ಯಾಬಿಟ್ಯಾಟಿನ ಕಾಗದಪತ್ರಗಳಲ್ಲಿ ಅವರು ‘ಪಾಲುದಾರ ಕುಟುಂಬ’. ಸರ್ಕಾರದ ಯೋಜನೆ ಲಕ್ಷಗಳ ಲೆಕ್ಕದಲ್ಲಿ ಯೋಚಿಸಬಲ್ಲದು, ಖಾಸಗಿ ಸಂಸ್ಥೆಗೆ ಅದು ಆಗದು ಎಂಬುದನ್ನೂ ಇಲ್ಲಿ ಹೇಳಬೇಕು.

ಕಾರ್ಟರ್ ಬಂದ ಮೇಲೆ

ಮೊದಲ ಎಂಟು ವರ್ಷ ಸಂಸ್ಥೆ ಚರ್ಚುಗಳ ಆಚೆ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕಸ್‌ನಿಂದ ಸುಮಾರು 16 ಕಿ.ಮೀ. ದೂರದ ಪ್ಲೇನ್ಸ್ ಊರಿನವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 1984ರಲ್ಲಿ ಅವರೂ ಪತ್ನಿ ರೊಸಲಿನ್ ಅವರೂ ಸ್ವಯಂಸೇವಕರ ಜೊತೆ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ, ಪಾಳುಬಿದ್ದ ಆರು ಅಂತಸ್ತಿನ ಕಟ್ಟಡವೊಂದನ್ನು 19 ಕುಟುಂಬಗಳ ವಾಸಕ್ಕೆ ಸರಿಪಡಿಸುವ ಕೆಲಸಕ್ಕೆ ನಿಂತರು. ದೇಶದ ಮಾಜಿ ಅಧ್ಯಕ್ಷ ಬಡಗಿಯ ಬೆಲ್ಟು ಕಟ್ಟಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂದದ್ದೇ ತಡ, ದೇಣಿಗೆಯೂ ಸ್ವಯಂಸೇವಕರೂ ಹರಿದು ಬಂದರು. ಅಲ್ಲಿಂದ ಮುಂದೆ ವರ್ಷಕ್ಕೊಂದು ವಾರ ಕಾರ್ಟರ್ ದಂಪತಿ ಬೇರೆ ಬೇರೆ ಕಡೆ ಮನೆ ಕಟ್ಟಿದರು: 1990ರಲ್ಲಿ ಮೆಕ್ಸಿಕೊದ ಟಿಹುವಾನಾ, 1999ರಲ್ಲಿ ಫಿಲಿಪ್ಪೀನ್ಸ್, 2002ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್, ಭೂಕಂಪದ ನಂತರ ಹೈಟಿಯ ಲೆಯೋಗಾನ್. 14 ದೇಶಗಳಲ್ಲಿ ಅವರ ಹೆಸರಿನ ಈ ಕಾರ್ಯಕ್ರಮದಲ್ಲಿ ಎದ್ದ, ದುರಸ್ತಿಯಾದ ಮನೆಗಳು 4,000ಕ್ಕೂ ಹೆಚ್ಚು. ಕಾರ್ಟರ್ ಕೇವಲ ಪೋಸು ಕೊಡಲು ಬರುತ್ತಿರಲಿಲ್ಲ. 2019ರಲ್ಲಿ, 95ನೇ ವಯಸ್ಸಿನಲ್ಲಿ, ಮನೆಯಲ್ಲಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡ ದಿನವೇ ನ್ಯಾಶ್‌ವಿಲ್‌ನ ಕಾರ್ಯಕ್ರಮಕ್ಕೆ ಹಾಜರಾಗಿದ್ದರು. ಸಂಸ್ಥೆಯನ್ನು ಅವರೇ ಸ್ಥಾಪಿಸಿದ್ದೆಂದು ಇಂದಿಗೂ ಎಷ್ಟೋ ಜನ ತಿಳಿದಿದ್ದಾರೆ.

1996ರಲ್ಲಿ ಫುಲ್ಲರ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು.

ವೇಗ ಮತ್ತು ವಿಮರ್ಶೆ

1992ರ ಆ್ಯಂಡ್ರ್ಯೂ ಚಂಡಮಾರುತ ಫ್ಲೋರಿಡಾದ ದಕ್ಷಿಣ ಭಾಗವನ್ನು ನೆಲಸಮ ಮಾಡಿದಾಗ ಅಲ್ಲಿನ ಹ್ಯಾಬಿಟ್ಯಾಟ್ ಮನೆಗಳು ಗಟ್ಟಿಯಾಗಿ ನಿಂತದ್ದು ಸುದ್ದಿಯಾಯಿತು. ಅನನುಭವಿ ಸ್ವಯಂಸೇವಕರು ಎರಡು ಮೊಳೆ ಸಾಕಾದಲ್ಲಿ ಹತ್ತು ಹೊಡೆಯುತ್ತಾರೆ, ಅದಕ್ಕೇ ಗಟ್ಟಿ ಎಂದು ಫುಲ್ಲರ್ ನಗೆಯಾಡುತ್ತಿದ್ದರು. 2005ರ ಕತ್ರಿನಾ ಚಂಡಮಾರುತದ ಬಳಿಕ ನ್ಯೂ ಆರ್ಲಿಯನ್ಸ್‌ನಲ್ಲಿ, ಮನೆ ಕಳೆದುಕೊಂಡ ಜಾಝ್ ಕಲಾವಿದರನ್ನು ಮನಸ್ಸಿನಲ್ಲಿಟ್ಟು, ಹ್ಯಾರಿ ಕಾನಿಕ್ ಜೂನಿಯರ್ ಮತ್ತು ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅವರ ಪ್ರೇರಣೆಯಿಂದ 72 ಮನೆಗಳ ‘ಸಂಗೀತಗಾರರ ಹಳ್ಳಿ’ ಎದ್ದಿತು.

ಪ್ರಚಾರದ ಹುಮ್ಮಸ್ಸು ಒಮ್ಮೊಮ್ಮೆ ಹದ ಮೀರಿತು. 2002ರ ಡಿಸೆಂಬರಿನಲ್ಲಿ ಅಲಬಾಮಾದ ಶೆಲ್ಬಿ ಕೌಂಟಿಯಲ್ಲಿ ಒಂದು ಮನೆಯನ್ನು 3 ಗಂಟೆ 26 ನಿಮಿಷ 34 ಸೆಕೆಂಡಿನಲ್ಲಿ ಕಟ್ಟಿ ದಾಖಲೆ ಮಾಡಿದರು. ಮೂವತ್ತು ವರ್ಷ ಬಾಳುವ ಮನೆಗೆ ಮೂರೂವರೆ ಗಂಟೆಯ ದಾಖಲೆಯಿಂದ ಆಗುವ ಉಪಕಾರ ಏನೆಂದು ಕೇಳಿದವರಿದ್ದಾರೆ. ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ 2000ದಲ್ಲಿ ಹದಿನೇಳೇ ದಿನಗಳಲ್ಲಿ ಎದ್ದ 85 ಮನೆಗಳ ಬಡಾವಣೆಯ ಹಲವು ನಿವಾಸಿಗಳು ವರ್ಷಗಳ ಬಳಿಕ ಗೋಡೆ ಬಿರುಕು, ತಳಪಾಯದ ಕುಸಿತದ ದೂರು ಹೊತ್ತು ನಿಂತರು. ಇನ್ನೊಂದು ಟೀಕೆ ಅರ್ಥಶಾಸ್ತ್ರಜ್ಞರದು. ಸ್ವಯಂಸೇವಕರು ವಿಮಾನ ಹತ್ತಿ ಬಡ ದೇಶಕ್ಕೆ ಹೋಗಿ ಒಂದು ವಾರ ಇಟ್ಟಿಗೆ ಹೊರುವ ಖರ್ಚಿನಲ್ಲಿ ಅಲ್ಲಿನ ಗಾರೆಯವರಿಗೆ ತಿಂಗಳುಗಟ್ಟಲೆ ಕೂಲಿ ಕೊಡಬಹುದಲ್ಲವೇ? ಲೆಕ್ಕ ಸರಿಯೇ. ಆದರೆ ಹಾಗೆ ಹೋಗಿ ಬಂದವರೇ ಮುಂದೆ ದಶಕಗಟ್ಟಲೆ ದೇಣಿಗೆ ಕೊಡುವವರೂ ಆಗುತ್ತಾರೆ ಎಂದು ಸಂಸ್ಥೆ ಉತ್ತರಿಸುತ್ತದೆ, ಅದನ್ನೂ ತಳ್ಳಿಹಾಕಲಾಗದು.

ಧರ್ಮದ ಪ್ರಶ್ನೆ

ಮನೆ ಪಡೆಯಲು ಕ್ರೈಸ್ತರಾಗಿರಬೇಕಿಲ್ಲ, ಮತಪ್ರಚಾರ ಕೂಡದೆಂಬುದು ಸಂಸ್ಥೆಯ ಘೋಷಿತ ನೀತಿ. ಆದರೆ ಕೆಲಸ ಪ್ರಾರ್ಥನೆಯಿಂದ ಶುರುವಾಗುವುದು, ಗೃಹಪ್ರವೇಶದಂದು ಬೀಗದ ಕೈ ಜೊತೆ ಬೈಬಲ್ ಕೊಡುವುದು ಅಮೆರಿಕದ ಶಾಖೆಗಳಲ್ಲಿ ಬಹುಕಾಲದ ರೂಢಿ. ಫುಲ್ಲರ್ ‘ಸುತ್ತಿಗೆಯ ದೇವತಾಶಾಸ್ತ್ರ’ ಎಂಬ ಮಾತು ಬಳಕೆಗೆ ತಂದರು, ಆ ಹೆಸರಿನ ಪುಸ್ತಕವನ್ನೂ ಬರೆದರು. ದೀಕ್ಷಾಸ್ನಾನ ಹೇಗಿರಬೇಕು, ಪಾದ್ರಿ ಯಾರಾಗಬಹುದು ಎಂದು ಜಗಳವಾಡುವ ಪಂಥಗಳು ಮೊಳೆ ಹೊಡೆಯುವ ವಿಷಯದಲ್ಲಿ ಒಂದಾಗಬಹುದು ಎಂಬುದು ಅದರ ತಿರುಳು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ 1994ರಿಂದ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಜೊತೆಯಾಗಿ ಮನೆ ಕಟ್ಟಿದ್ದು ಈ ಮಾತಿಗೆ ಸಿಕ್ಕ ಕಠಿಣ ಪರೀಕ್ಷೆ.

ಭಾರತದಲ್ಲಿ

ಭಾರತದಲ್ಲಿ ಕೆಲಸ ಆರಂಭವಾದದ್ದು 1983ರಲ್ಲಿ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂನಲ್ಲಿ. 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಯಲ್ಲಿ ಸಂಸ್ಥೆ ಮನೆಗಳನ್ನು ಕಟ್ಟಿತು. 2006ರಲ್ಲಿ ಕಾರ್ಟರ್ ದಂಪತಿ ಮಹಾರಾಷ್ಟ್ರದ ಲೋಣಾವಳಕ್ಕೆ ಬಂದು, 100 ಮನೆಗಳ ಕಾರ್ಯಕ್ರಮದಲ್ಲಿ ಕೈಗೆ ಗಾರೆ ಮೆತ್ತಿಕೊಂಡರು. ಇಲ್ಲಿ ಜಾರ್ಜಿಯಾದ ಮಾದರಿ ಹಾಗೆಯೇ ನಡೆಯುವುದಿಲ್ಲ. ಜಾಗಕ್ಕೆ ಹಕ್ಕುಪತ್ರವೇ ಇಲ್ಲದವರು ಅಡಮಾನಕ್ಕೆ ಏನನ್ನು ಇಡಬೇಕು? ಆದ್ದರಿಂದ ಸ್ವಸಹಾಯ ಗುಂಪು, ಕಿರುಸಾಲ ಸಂಸ್ಥೆಗಳ ಮೂಲಕ ಹಂತಹಂತವಾಗಿ ಕಟ್ಟಿಕೊಳ್ಳಲು ನೆರವಾಗುವುದು, ಶೌಚಾಲಯ ಕಟ್ಟಿಸುವುದು, ವಿಪತ್ತಿನ ನಂತರದ ಪುನರ್ವಸತಿ ಇವು ಹೆಚ್ಚಿದವು. ಕಿರುಸಾಲವೆಂದ ಮೇಲೆ ಬಡ್ಡಿ ಇದ್ದೇ ಇರುತ್ತದೆ.

ಒಡಕು ಮತ್ತು ಈಚಿನ ಸ್ಥಿತಿ

2005ರ ಜನವರಿಯಲ್ಲಿ ಆಡಳಿತ ಮಂಡಳಿ ಸ್ಥಾಪಕನನ್ನೇ ಹೊರಹಾಕಿತು. ಮಹಿಳಾ ಸಿಬ್ಬಂದಿಯೊಬ್ಬರು ಅನುಚಿತ ವರ್ತನೆಯ ಆರೋಪ ಮಾಡಿದ್ದರು, ಫುಲ್ಲರ್ ನಿರಾಕರಿಸಿದ್ದರು. ಆರೋಪಕ್ಕೆ ಸಾಕಷ್ಟು ಪುರಾವೆ ದೊರೆಯಲಿಲ್ಲವೆಂದ ಮಂಡಳಿ, ಆ ನಂತರದ ಅವರ ಬಹಿರಂಗ ಮಾತುಗಳು ಸಂಸ್ಥೆಗೆ ಹಾನಿಕರವೆಂದು ಕಾರಣ ಕೊಟ್ಟಿತು. ಸಂಸ್ಥೆ ಚರ್ಚಿನ ಚಳವಳಿಯಾಗಿ ಉಳಿಯಬೇಕೋ ದೊಡ್ಡ ಆಡಳಿತ ಯಂತ್ರವಾಗಬೇಕೋ ಎಂಬ ತಕರಾರು ಒಳಗೊಳಗೇ ಬೆಳೆದಿತ್ತು ಎಂಬುದು ಫುಲ್ಲರ್ ಪಕ್ಷದವರ ವಾದ. ಅದೇ ವರ್ಷ ಜೊನಾಥನ್ ರೆಕ್‌ಫರ್ಡ್ ಮುಖ್ಯಸ್ಥರಾದರು.

ಅನಂತರದ ಹ್ಯಾಬಿಟ್ಯಾಟ್ ಬೇರೆಯೇ ಗಾತ್ರದ್ದು. 2008ರ ಗೃಹಸಾಲ ಬಿಕ್ಕಟ್ಟಿನಲ್ಲಿ ಅಮೆರಿಕದ ಲಕ್ಷಾಂತರ ಜನ ಮನೆ ಕಳೆದುಕೊಂಡಾಗ ಹ್ಯಾಬಿಟ್ಯಾಟ್ ಸಾಲಗಾರರು ಬಹುಮಟ್ಟಿಗೆ ಉಳಿದುಕೊಂಡರು. 2022ರಲ್ಲಿ ದಾನಿ ಮೆಕೆಂಝಿ ಸ್ಕಾಟ್ ಅವರು ಸಂಸ್ಥೆಗೂ ಅದರ 84 ಅಮೆರಿಕನ್ ಶಾಖೆಗಳಿಗೂ ಸೇರಿ 43.6 ಕೋಟಿ ಡಾಲರ್ ಕೊಟ್ಟರು. ನೆರವು ಪಡೆದವರ ಸಂಖ್ಯೆ 6 ಕೋಟಿ ಮೀರಿದೆ ಎಂದು ಸಂಸ್ಥೆ ಹೇಳುತ್ತದೆ. ಇದು ಮನೆಗಳ ಲೆಕ್ಕವಲ್ಲ, ಜನರ ಲೆಕ್ಕ. ದುರಸ್ತಿ, ಕಿರುಸಾಲ, ಭೂಹಕ್ಕಿನ ನೀತಿ ಬದಲಾವಣೆಯಿಂದ ಪ್ರಯೋಜನ ಪಡೆದವರೂ ಇದರಲ್ಲಿದ್ದಾರೆ. ಹೊಸ ಮನೆಗಳನ್ನಷ್ಟೇ ಎಣಿಸಿದರೆ ಸಂಖ್ಯೆ ಬಹಳ ಚಿಕ್ಕದಾಗುತ್ತದೆ.

ಹೊರಬಿದ್ದ ಫುಲ್ಲರ್ ಕೊಯ್ನೋನಿಯಾಕ್ಕೇ ಹಿಂತಿರುಗಿ 2005ರಲ್ಲಿ ‘ಫುಲ್ಲರ್ ಸೆಂಟರ್ ಫಾರ್ ಹೌಸಿಂಗ್’ ಆರಂಭಿಸಿದರು. 2009ರ ಫೆಬ್ರವರಿ 3ರಂದು ತೀರಿಕೊಂಡಾಗ ಅದೇ ತೋಟದಲ್ಲಿ ಅವರ ಮಣ್ಣಾಯಿತು. ಆ ಸಂಸ್ಥೆ ಹೊಸ ಮನೆಗಳ ಜೊತೆಗೆ ಹಳೆಯ ಮನೆಗಳ ದುರಸ್ತಿಗೂ ನೆರವಾಗುತ್ತದೆ. ದುರಸ್ತಿಯ ಸಾಲಕ್ಕೆ ಬಡ್ಡಿಯಂತೂ ಇಲ್ಲ, ಕರಾರುಪತ್ರವೂ ಇಲ್ಲ. ಎಷ್ಟು ಖರ್ಚಾಯಿತೆಂದು ಹೇಳಿ, ತಿಂಗಳಿಗೆ ಎಷ್ಟು ಮರಳಿಸಬಲ್ಲಿರೆಂದು ಮನೆಯವರನ್ನೇ ಕೇಳುತ್ತಾರೆ.